ಪೊಜ್ಜಾಲ್ತೊದ ಬಸ್ಸಿನ ಸೆತ್ತೀಮಿಯಾ

ನಮ್ಮ ಪೊಜ್ಜಾಲ್ತೊದಲ್ಲಿ ಬಸ್ಸು ಬಂತು ಎಂದು ಯಾರೂ ಹೇಳುತ್ತಿರಲಿಲ್ಲ. ಸೆತ್ತೀಮಿಯಾ ಬಂದಳು ಎನ್ನುತ್ತಿದ್ದರು. ಸೆತ್ತೀಮಿಯಾ ಹೊರಟಳು, ಬೇಗ ಕೋಟು ಹಾಕಿಕೋ. ಸೆತ್ತೀಮಿಯಾದಲ್ಲಿ ಇವತ್ತು ಕೂರಲು ಜಾಗವೇ ಇರಲಿಲ್ಲ. ಹೊಸದಾಗಿ ಊರಿಗೆ ಬಂದ ಮೇಷ್ಟ್ರೊಬ್ಬರು 'ಸೆತ್ತೀಮಿಯಾದ ಎಡಗಡೆ ಗಾಜು ಒಡೆದಿದೆ' ಎಂಬ ಮಾತು ಕೇಳಿ, ಪಾಪ, ಯಾರೋ ಮುದುಕಿಯ ಕನ್ನಡಕ ಒಡೆದಿರಬೇಕು ಎಂದುಕೊಂಡಿದ್ದರಂತೆ.

ನಾನು ಆ ಬಸ್ಸು ಓಡಿಸುತ್ತಿದ್ದ ಸೆತ್ತೀಮಿಯಾಳ ಎದುರು ಮನೆಯವಳು, ಹೊಲಿಗೆ ನನ್ನ ಕಸುಬು. ನಮ್ಮ ಓಣಿ ಎಷ್ಟು ಕಿರಿದೆಂದರೆ ಉಪ್ಪು ಬೇಕಾದರೆ ಬಾಗಿಲು ತೆಗೆಯಬೇಕಿಲ್ಲ, ಕಿಟಕಿಯಿಂದ ಕೈ ಚಾಚಿದರೆ ಸಾಕು. ಹುಟ್ಟಿದಾಗಿನಿಂದ ಆ ಮನೆಯ ಜಗಳ, ನಗು, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಎಲ್ಲ ನಮ್ಮ ಮನೆಯೊಳಗೂ ಓಡಾಡಿವೆ. ಹಾಗಾಗಿ ಅವಳ ಕಥೆ ಹೇಳುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ನಮ್ಮ ಹಿಂದಿನವರು ದಂಡಿಗೂ ಹೊಳೆಬದಿಯ ಸೊಳ್ಳೆಜ್ವರಕ್ಕೂ ಹೆದರಿ ಗುಡ್ಡದ ನೆತ್ತಿಯ ಮೇಲೆ ಊರು ಕಟ್ಟಿದರು. ಎಷ್ಟೋ ಕಾಲದ ಮೇಲೆ ಬಂದ ರೈಲಿಗೆ ಆ ಹೆದರಿಕೆ ಇರಲಿಲ್ಲ, ಅದು ಕೆಳಗೆ ಹೊಳೆಯ ಪಕ್ಕದಲ್ಲೇ ಹೋಯಿತು. ಮೇಲಿನ ಊರಿಗೂ ಕೆಳಗಿನ ಸ್ಟೇಷನ್ನಿಗೂ ನಡುವೆ ಇದ್ದದ್ದು ಸೆತ್ತೀಮಿಯಾಳ ಅಪ್ಪ ಒರೆಸ್ತೆಯ ಕುದುರೆಗಾಡಿ. ಟಪಾಲು, ಬೀಗರು, ವೈದ್ಯರು, ಹಂದಿಮರಿ ಎಲ್ಲ ಅದರಲ್ಲೇ ಬರಬೇಕು. ಒರೆಸ್ತೆಗೆ ಏಳು ಮಕ್ಕಳು. ಏಳನೆಯದಕ್ಕೆ ಹೆಸರು ಹುಡುಕುವ ತಾಳ್ಮೆ ಉಳಿದಿರಲಿಲ್ಲವೆಂದು ಕಾಣುತ್ತದೆ, ಏಳನೆಯವಳು ಎಂಬ ಅರ್ಥದಲ್ಲೇ ಸೆತ್ತೀಮಿಯಾ ಎಂದು ಕರೆದುಬಿಟ್ಟ. ಯುದ್ಧಕ್ಕೆ ಹೋದ ದೊಡ್ಡ ಮಗ ರಷ್ಯಾದ ಹಿಮದಿಂದ ವಾಪಸು ಬರಲಿಲ್ಲ. ಉಳಿದ ಗಂಡುಮಕ್ಕಳು ಒಬ್ಬೊಬ್ಬರಾಗಿ ಬೆಲ್ಜಿಯಮ್ಮಿನ ಕಲ್ಲಿದ್ದಲ ಗಣಿಗೂ ಅರ್ಜೆಂಟೀನಾಕ್ಕೂ ಹೋದರು, ಅಕ್ಕಂದಿರು ಮದುವೆಯಾಗಿ ಹೋದರು. ಅಪ್ಪನ ಬಳಿ ಉಳಿದವಳು ಇವಳೊಬ್ಬಳೇ.

ಜರ್ಮನರು ಹಿಮ್ಮೆಟ್ಟುವಾಗ ಕುದುರೆಯನ್ನು ಹೊಡೆದುಕೊಂಡು ಹೋದರು. ಅವರ ಬೆನ್ನು ಹತ್ತಿ ಬಂದ ಎದುರಾಳಿ ಸೈನಿಕರು ಹೊಳೆದಂಡೆಯಲ್ಲಿ ಕೆಟ್ಟುನಿಂತ ಒಂದು ಲಾರಿಯನ್ನು ಬಿಟ್ಟುಹೋದರು. ಒರೆಸ್ತೆ ಅದನ್ನು ಎತ್ತುಗಳಿಂದ ಎಳೆಸಿಕೊಂಡು ಬಂದು, ಒಂದು ಚಳಿಗಾಲವೆಲ್ಲ ಬಿಚ್ಚಿ ಕಟ್ಟಿ, ಹಿಂದೆ ಬೆಂಚು ಹಾಕಿ, ಮೇಲೆ ತಾಡಪಾಲು ಹೊದಿಸಿ ನಮ್ಮೂರಿನ ಮೊದಲ ಬಸ್ಸು ಮಾಡಿದ. ಆದರೆ ಬಸ್ಸು ತಯಾರಾಗುವ ಹೊತ್ತಿಗೆ ಅವನ ಕಣ್ಣಿಗೆ ಪೊರೆ ಬಂದಿತ್ತು. ತಿರುವಿನಲ್ಲಿದ್ದ ಹಿಪ್ಪುನೇರಳೆ ಮರಕ್ಕೆ ಟೋಪಿ ತೆಗೆದು 'ನಮಸ್ಕಾರ ಡಾಕ್ಟ್ರೇ' ಅಂದ ದಿನ ಬಸ್ಸಿನಲ್ಲಿದ್ದವರೆಲ್ಲ ಇಳಿದು ನಡೆದುಕೊಂಡು ಹೋದರು. ಮರುದಿನದಿಂದ ಸ್ಟೀರಿಂಗು ಹಿಡಿದವಳು ಸೆತ್ತೀಮಿಯಾ. ಆಗ ಅವಳು ಇಪ್ಪತ್ತು ತುಂಬದ ಹುಡುಗಿ. ಪಕ್ಕದಲ್ಲಿ ಅಪ್ಪ ಟೋಪಿ ಹಾಕಿಕೊಂಡು ನೆಟ್ಟಗೆ ಕೂತು, ತಾನೇ ಓಡಿಸುತ್ತಿರುವ ಹಾಗೆ ಮುಖ ಮಾಡಿಕೊಂಡಿರುತ್ತಿದ್ದ. ಊರಿನವರೂ ಹಾಗೇ ನಂಬಿದಂತೆ ಇದ್ದರು.

ಒಂದು ದಿನ ಪೊಲೀಸ್ ಠಾಣೆಯ ಸಾಹೇಬರು ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಯಾರು ಓಡಿಸ್ತಿರೋದು ಒರೆಸ್ತೆ?"

"ನಾನೇ ಸಾಹೇಬ್ರೇ."

"ಸ್ಟೀರಿಂಗು ಅವಳ ಕೈಲಿದ್ಯಲ್ಲ."

"ಕೈ ಅವಳದ್ದು, ಬೈಗುಳ ನಂದು. ಈ ಗಾಡಿ ಬೈದ್ರೆ ಮಾತ್ರ ಮುಂದಕ್ಕೆ ಹೋಗೋದು."

ಸಾಹೇಬರು ಮೀಸೆಯ ಮೇಲೆ ಕೈ ಇಟ್ಟುಕೊಂಡು ನಗು ಮುಚ್ಚಿಕೊಂಡರು. "ದ್ರಾಕ್ಷಿ ಕೊಯ್ಲು ಮುಗಿಯೋದ್ರೊಳಗೆ ಇವಳಿಗೆ ಲೈಸೆನ್ಸ್ ಮಾಡಿಸು. ಅಲ್ಲೀವರೆಗೂ ನನಗೂ ಕಣ್ಣಿಗೆ ಪೊರೆ ಬಂದಿದೆ ಅನ್ಕೊಂಡಿರ್ತೀನಿ" ಅಂದು ದಾರಿ ಬಿಟ್ಟರು.

ಲೈಸೆನ್ಸ್ ಸಿಕ್ಕಿತು. ಆದರೆ ಚರ್ಚಿನಲ್ಲಿ ಇನ್ನೊಂದು ಪರೀಕ್ಷೆ ಕಾದಿತ್ತು. ನಮ್ಮ ಪಾದ್ರಿ ದೋನ್ ಉಬಾಲ್ದೊ ಭಾನುವಾರದ ಪ್ರಸಂಗದಲ್ಲಿ ಯಾರ ಹೆಸರೂ ಎತ್ತದೆ, ಹೆಣ್ಣಿನ ಕೈ ಇರಬೇಕಾದ್ದು ತೊಟ್ಟಿಲ ಮೇಲೆ, ಚಕ್ರದ ಮೇಲಲ್ಲ ಅಂದರು. ಇಡೀ ಚರ್ಚು ತಿರುಗಿ ಸೆತ್ತೀಮಿಯಾಳನ್ನು ನೋಡಿತು. ಅವಳು ಕೈಯಲ್ಲಿದ್ದ ಗ್ರೀಸಿನ ಕಲೆಯನ್ನು ಉಜ್ಜಿಕೊಳ್ಳುತ್ತ ಕೂತಿದ್ದಳಂತೆ. ಹಾಗೆ ಮಾತಾಡಿದ ಮೇಲೆ ಪಾದ್ರಿಗಳು ಆ ಗಾಡಿ ಹತ್ತುವ ಹಾಗಿಲ್ಲವಲ್ಲ. ಬಿಷಪ್ಪರನ್ನು ನೋಡಲು ಹೋಗಬೇಕಾದಾಗ ಕೊಡೆ ಹಿಡಿದು ಇಳಿಜಾರಿನಲ್ಲಿ ನಡೆದೇ ಹೊರಟರು. ಆಗ ಮಳೆ ಶುರುವಾಯಿತು. ಸೆತ್ತೀಮಿಯಾ ಹಿಂದಿನಿಂದ ಬಂದವಳು ಅವರನ್ನು ದಾಟಿ ಹೋಗಲಿಲ್ಲ, ನಿಲ್ಲಿಸಿ ಕರೆಯಲೂ ಇಲ್ಲ. ಮೊದಲ ಗೇರಿನಲ್ಲಿ, ಅವರು ನಡೆಯುವಷ್ಟೇ ನಿಧಾನವಾಗಿ, ಅವರ ಪಕ್ಕದಲ್ಲೇ ಗಾಡಿ ಬಿಟ್ಟುಕೊಂಡು ಇಳಿದಳು. ಪಾದ್ರಿಗಳು ನಿಂತರೆ ಗಾಡಿಯೂ ನಿಲ್ಲುತ್ತಿತ್ತು. ಹೊರಟರೆ ಅದೂ ಹೊರಡುತ್ತಿತ್ತು. ಒಳಗೆ ಕೂತವರು ತಾಡಪಾಲು ಎತ್ತಿ ಬಗ್ಗಿ ನೋಡುತ್ತಿದ್ದರು. ಕೊನೆಗೆ ದೋನ್ ಉಬಾಲ್ದೊ ಕೊಡೆ ಮಡಚಿ, ನಿಲುವಂಗಿ ಎತ್ತಿ ಹಿಡಿದು ಹತ್ತಿದರು.

"ಎಂಜಿನ್ ಬಿಸಿಯಾಗಿ ಹಾಳಾಗುತ್ತೆ ಅಂತ ಹತ್ತಿದೆ ಅಷ್ಟೇ" ಅಂದರು.

"ಅದೇ ಹೆದರಿಕೆ ನನಗೂ ಇತ್ತು ಗುರುಗಳೇ" ಅಂದಳು ಸೆತ್ತೀಮಿಯಾ.

ಮುಂದಿನ ಭಾನುವಾರ ಪ್ರಸಂಗ ಹೊಟ್ಟೆಬಾಕತನದ ಮೇಲಿತ್ತು.

ಇನ್ನು ತೊರ್ರೆಮೂಲದ ವಿಷಯ. ನಮ್ಮ ಗುಡ್ಡದ ಎದುರು ಗುಡ್ಡದ ಮೇಲಿರುವ ಊರು ಅದು. ಅವರ ಅಂಗಳದಲ್ಲಿ ಒಗೆದು ಹಾಕಿದ ಬಟ್ಟೆ ಯಾವ ಬಣ್ಣದ್ದೆಂದು ನಮ್ಮ ಕಿಟಕಿಯಿಂದ ಹೇಳಬಹುದು, ಅಷ್ಟು ಹತ್ತಿರ. ನಮ್ಮ ಭಾಷೆಯಲ್ಲಿ 'ಮೂಲ' ಎಂದರೆ ಹೇಸರಗತ್ತೆ, ಆ ಊರಿನ ಹೆಸರಲ್ಲೇ ಅದು ಇದೆ ಎಂದು ನಾವು ಹಂಗಿಸುತ್ತೇವೆ. ಪೊಜ್ಜಾಲ್ತೊದವರು ಗಾಳಿ ಕುಡಿದು ಬದುಕುವವರು, ಮಾತಲ್ಲೂ ಬರೀ ಗಾಳಿ ಎಂದು ಅವರು ಹಂಗಿಸುತ್ತಾರೆ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿದ್ದ ಒಂದು ಚಿಲುಮೆ ಯಾರದ್ದು ಎಂಬುದರಲ್ಲಿ ಈ ಜಗಳ ಶುರುವಾದದ್ದು. ನಮ್ಮಜ್ಜಿಯ ಕಾಲಕ್ಕೇ ಚಿಲುಮೆ ಬತ್ತಿತ್ತು, ಜಗಳಕ್ಕೆ ಮಾತ್ರ ನೀರು ಎಲ್ಲಿಂದಲೋ ಬರುತ್ತಲೇ ಇತ್ತು. ಪೊಜ್ಜಾಲ್ತೊಗೆ ಬಸ್ಸು ಬಂದದ್ದು ನೋಡಿ ತೊರ್ರೆಮೂಲದವರು ತಾವೂ ಒಂದು ತಂದರು. ಅದನ್ನು ಓಡಿಸುತ್ತಿದ್ದವನು ನಜ್ಜರೇನೊ ಎಂಬ ಉದ್ದನೆಯ, ಮಾತು ಕಡಿಮೆಯ ಹುಡುಗ.

ಎರಡೂ ಊರಿನ ದಾರಿ ಮೇಲುಗಡೆ ಬೇರೆ ಬೇರೆ. ಕೆಳಗೆ ಶಿಲುಬೆ ಇಟ್ಟ ಒಂದು ಪುಟ್ಟ ದೇವಾಲಯದ ಹತ್ತಿರ ಕೂಡಿಕೊಂಡು, ಅಲ್ಲಿಂದ ಸ್ಟೇಷನ್‌ವರೆಗೆ ಬಂಡೆ ಕಡಿದು ಮಾಡಿದ ಒಂದೇ ಇಕ್ಕಟ್ಟಿನ ರಸ್ತೆ. ಅಲ್ಲಿ ಎರಡು ಗಾಡಿ ಎದುರಾಗದ ಹಾಗೆ ಬೇರೆ ಬೇರೆ ಹೊತ್ತಿನಲ್ಲಿ ಓಡಿಸುವುದು ರೂಢಿ. ಯುದ್ಧ ಮುಗಿದು ಎಂಟು ಹತ್ತು ವರ್ಷವಾಗಿತ್ತೇನೋ, ಒಂದು ಸೆಪ್ಟೆಂಬರಿನ ಬೆಳಿಗ್ಗೆ ರೈಲು ತಡವಾಗಿ ಬಂತು. ಸಂತೆಗೆ ಹೊರಟ ನಮ್ಮವರನ್ನು ಹತ್ತಿಸಿಕೊಂಡು ಸೆತ್ತೀಮಿಯಾ ಇಳಿಯುತ್ತಿದ್ದಾಗ, ರೈಲಿಳಿದ ತನ್ನವರನ್ನು ಹತ್ತಿಸಿಕೊಂಡು ನಜ್ಜರೇನೊ ಮೇಲೆ ಬರುತ್ತಿದ್ದ. ಬಂಡೆಯ ತಿರುವಿನಲ್ಲಿ ಎರಡು ಬಸ್ಸೂ ಮೂಗಿಗೆ ಮೂಗು ತಾಗುವ ಹಾಗೆ ನಿಂತವು. ನಾನು ಆ ಬಸ್ಸಿನಲ್ಲಿದ್ದೆ, ಅಮ್ಮನ ತೊಡೆಯ ಮೇಲೆ.

ಗಾಡಿ ಪಕ್ಕಕ್ಕೆ ಹಾಕುವಷ್ಟು ಅಗಲದ ಜಾಗ ಇದ್ದದ್ದು ನಜ್ಜರೇನೊನ ಬಸ್ಸಿನ ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ. ಅವನು ಸ್ವಲ್ಪ ಹಿಂದಕ್ಕೆ ಹೋದರೆ ಮುಗಿಯುತ್ತಿತ್ತು. ಅವನು ಗೇರಿಗೆ ಕೈ ಹಾಕಿದ್ದನ್ನು ಅವನ ಸೋದರತ್ತೆ ಜೆಲ್ತ್ರೂದೆ ನೋಡಿಬಿಟ್ಟಳು.

"ಎಲ್ಲಿಗೋ? ಪೊಜ್ಜಾಲ್ತೊದೋರ ಮುಂದೆ ಹಿಂದಕ್ಕೆ ಹೋಗ್ತೀಯಾ? ಹೋಗು, ನಾಳೆಯಿಂದ ನನ್ನ ಮನೆ ಹೊಸಲು ತುಳೀಬೇಡ."

ಈ ಕಡೆ ನಮ್ಮ ಕ್ಷೌರಿಕ ಕ್ವಿರೀನೊ ಎದ್ದು ನಿಂತ. "ಸೆತ್ತೀಮಿಯಾ, ಒಂದು ಗೇಣೂ ಬಿಡಬೇಡ. ನಮ್ಮಜ್ಜ ಇವರಿಗೆ ದಾರಿ ಬಿಟ್ಟಿರ್ಲಿಲ್ಲ."

"ನಿಮ್ಮಜ್ಜ ಬಸ್ಸೇ ನೋಡಿರ್ಲಿಲ್ಲ ಮಾರಾಯ" ಅಂದಳು ಸೆತ್ತೀಮಿಯಾ.

"ನೋಡಿದ್ರೂ ಬಿಡ್ತಿರ್ಲಿಲ್ಲ."

ಎರಡೂ ಕಡೆಯವರು ಇಳಿದರು. ಜೆಲ್ತ್ರೂದೆ ತನ್ನ ಬಸ್ಸಿನ ಹಿಂದಿನ ಚಕ್ರಕ್ಕೆ ಒರಗಿ ಕೂತು ಹೆಣಿಗೆ ತೆಗೆದಳು. ನಮ್ಮವರಲ್ಲೂ ಇಬ್ಬರು ಮುದುಕಿಯರು ಹಾಗೇ ಮಾಡಿದರು. ಮೊದಲು ಚಿಲುಮೆಯ ಮಾತು ಬಂತು, ಆಮೇಲೆ ಯಾರದೋ ಕಾಲದ ಕದ್ದ ಹಂದಿಯ ಮಾತು, ಆಮೇಲೆ ಮದುವೆ ಮುರಿದ ಒಬ್ಬಳ ಮಾತು. ಬಿಸಿಲೇರಿತು. ಬೈದೂ ಬೈದೂ ಎಲ್ಲರಿಗೂ ಹಸಿವಾಯಿತು. ನಮ್ಮವರ ಬುಟ್ಟಿಯಲ್ಲಿ ಸಂತೆಗೆಂದು ಇಟ್ಟ ಕುರಿಹಾಲಿನ ಚೀಸ್, ಅಂಜೂರ ಇತ್ತು. ಅವರ ಬಳಿ ಪಟ್ಟಣದಿಂದ ತಂದ ಬಿಳಿ ಬ್ರೆಡ್ಡೂ ಉಪ್ಪುಮೀನೂ ಇತ್ತು. ಬರೀ ಚೀಸನ್ನು ಎಷ್ಟೆಂದು ತಿನ್ನುವುದು, ಬರೀ ಬ್ರೆಡ್ಡನ್ನು ಎಷ್ಟೆಂದು ತಿನ್ನುವುದು. ಯಾರು ಮೊದಲು ಕೈ ನೀಡಿದರೋ ಗೊತ್ತಿಲ್ಲ, ಸ್ವಲ್ಪ ಹೊತ್ತಿಗೆ ಬಂಡೆಯ ನೆರಳಲ್ಲಿ ಎರಡು ಊರೂ ಊಟಕ್ಕೆ ಕೂತಿದ್ದವು. ತಿನ್ನುತ್ತಲೇ ಬೈಯುತ್ತಿದ್ದರು, ಅದು ಬೇರೆ ಮಾತು. ಜೆಲ್ತ್ರೂದೆ ನಮ್ಮಮ್ಮನಿಗೆ ಮೀನು ಕೊಟ್ಟು, "ತಗೋ, ನಿಮ್ಮೂರಲ್ಲಿ ಇಂಥದ್ದು ಕಂಡಿರಲ್ಲ" ಅಂದಳು. ಅಮ್ಮ ಅಂಜೂರ ಕೊಟ್ಟು, "ನಿಮ್ಮೂರಲ್ಲಿ ಹಣ್ಣಾಗೋದೇ ಇಲ್ವಲ್ಲ, ಇದನ್ನ ತಿನ್ನಿ" ಅಂದಳು.

ಅಷ್ಟರಲ್ಲಿ ಸೆತ್ತೀಮಿಯಾ ಎದ್ದು ನಜ್ಜರೇನೊನ ಬಾಗಿಲ ಬಳಿ ಹೋದಳು.

"ಇಳಿ ಕೆಳಗೆ."

"ಯಾಕೆ?"

"ನಿನ್ನ ಬಸ್ಸನ್ನ ನಾನು ಹಿಂದಕ್ಕೆ ತಗೋತೀನಿ. ನೀನು ನನ್ನದನ್ನ ಮುಂದಕ್ಕೆ ತಗೊಂಬಾ. ತೊರ್ರೆಮೂಲದ ಡ್ರೈವರು ಹಿಂದೆ ಹೋಗ್ಲಿಲ್ಲ ಅಂತ ನಿಮ್ಮೋರು ಹೇಳ್ಕೊಳ್ಳಿ. ಪೊಜ್ಜಾಲ್ತೊದ ಬಸ್ಸು ಹಿಂದೆ ಹೋಗ್ಲಿಲ್ಲ ಅಂತ ನಮ್ಮೋರು ಹೇಳ್ಕೊಳ್ಳಿ."

ನಜ್ಜರೇನೊ ಅವಳ ಮುಖವನ್ನೇ ನೋಡಿದ. ಮನಸ್ಸಿನಲ್ಲಿ ಆ ಮಾತನ್ನು ಎರಡು ಸಲ ತಿರುಗಿಸಿ ನೋಡಿದನೇನೋ. ಆಮೇಲೆ ಇಳಿದ.

"ಬ್ರೇಕು ಎಡಕ್ಕೆ ಎಳೆಯುತ್ತೆ, ಹುಷಾರು" ಅಂದ.

"ನನ್ನದು ಮೂರನೇ ಗೇರಲ್ಲಿ ಎಗರುತ್ತೆ. ಅದರ ತಂಟೆಗೆ ಹೋಗ್ಬೇಡ."

ಜೆಲ್ತ್ರೂದೆಯನ್ನು ಚಕ್ರದ ಬಳಿಯಿಂದ ಎಬ್ಬಿಸಲು ಸ್ವಲ್ಪ ಹೊತ್ತು ಹಿಡಿಯಿತು. ಇದರಲ್ಲಿ ಸೋತವರು ಯಾರು ಎಂದು ಅವಳು ಮತ್ತೆ ಮತ್ತೆ ಕೇಳಿದಳು. ಯಾರೂ ಅಲ್ಲ ಎಂದು ಖಾತ್ರಿಯಾದ ಮೇಲೆ, ಸ್ವಲ್ಪ ಬೇಸರದಿಂದಲೇ, ಹೆಣಿಗೆ ಸುತ್ತಿಕೊಂಡು ಎದ್ದಳು. ತೊರ್ರೆಮೂಲದವರು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ತಮ್ಮ ಬಸ್ಸು ಹತ್ತಿದರು. ಸೆತ್ತೀಮಿಯಾ ಕಿಟಕಿಯಿಂದ ತಲೆ ಹೊರಗೆ ಹಾಕಿ, ಒಂದೇ ಸಲಕ್ಕೆ, ಬಂಡೆಗೂ ಕಂದರಕ್ಕೂ ನಡುವೆ ಅದನ್ನು ಹಿಂದಕ್ಕೆ ಇಳಿಸಿ ಪಕ್ಕಕ್ಕೆ ನಿಲ್ಲಿಸಿದಳು. ನಮ್ಮ ಬಸ್ಸು ಮುಂದೆ ಬಂತು. ಡ್ರೈವರುಗಳು ಇಳಿದು ಅದಲು ಬದಲಾದರು.

ಅವಳು ತನ್ನ ಸೀಟಿನಲ್ಲಿ ಕೂತು ಅತ್ತಿತ್ತ ಹುಡುಕಿ ಕಿಟಕಿಯಿಂದ ಕೂಗಿದಳು. "ಇಲ್ಲಿಟ್ಟಿದ್ದ ಅಂಜೂರದ ರೊಟ್ಟಿ ಏನಾಯ್ತು?"

"ತಿಂದೆ" ಅಂದ ನಜ್ಜರೇನೊ. "ಎಲ್ರೂ ತಿಂತಿದ್ರು, ನನಗೆ ಯಾರೂ ಕೊಟ್ಟಿರ್ಲಿಲ್ಲ."

ಮರುದಿನ ದಾರಿ ಕೂಡುವಲ್ಲಿದ್ದ ಆ ಪುಟ್ಟ ದೇವಾಲಯದ ಕಲ್ಲಿನ ಮೇಲೆ ಕಾಗದದಲ್ಲಿ ಸುತ್ತಿದ ಸೋಂಪು ಬಿಸ್ಕತ್ತಿನ ಪೊಟ್ಟಣವಿತ್ತು. ಸೆತ್ತೀಮಿಯಾ ಗಾಡಿ ನಿಲ್ಲಿಸಿ ಅದನ್ನು ಎತ್ತಿಕೊಂಡಳು. ಸಂಜೆ ಅದೇ ಕಲ್ಲಿನ ಮೇಲೆ ಒಂದು ಚೀಲ ಆಕ್ರೋಟು ಇಟ್ಟಳು. ಹೀಗೆ ಚಳಿಗಾಲ ದಾಟಿತು. ಇಬ್ಬರ ಬಸ್ಸಿನಲ್ಲೂ ದಿನಾ ಕೂತು ಹೋಗುವವರಿಗೆ ಇದೆಲ್ಲ ಕಾಣದೆ ಇರುತ್ತದೆಯೇ? ಡ್ರೈವರ್ ಮರೆತರೆ ಅವರೇ ನೆನಪಿಸುತ್ತಿದ್ದರು. "ನಿಲ್ಸೇ ಸೆತ್ತೀಮಿಯಾ, ಇವತ್ತು ಏನಿಟ್ಟಿದ್ದಾನೋ ನೋಡೋಣ." ಒಂದು ದಿನ ಅವನು ಹೊಸ ಫ್ಯಾನ್ ಬೆಲ್ಟ್ ಇಟ್ಟಿದ್ದ. ಅದನ್ನು ನೋಡಿ ಕ್ವಿರೀನೊ, "ಇದು ಗಟ್ಟಿಯಾಯ್ತು, ಇನ್ನು ಮದುವೆ ಬಟ್ಟೆ ಹೊಲಿಸೋಕೆ ಹಾಕಿ" ಅಂದನಂತೆ.

ಅಷ್ಟರಲ್ಲಿ ಪೂರ್ತಿ ಕುರುಡನಾಗಿದ್ದ ಒರೆಸ್ತೆಗೆ ಈ ವಿಷಯ ಹೇಳುವುದೇ ಕಷ್ಟದ ಕೆಲಸವಾಗಿತ್ತು. ಅವರ ಮಾತು ನಮ್ಮ ಕಿಟಕಿಗೆ ಕೇಳಿಸಿತು.

"ತೊರ್ರೆಮೂಲದವನಾ?"

"ಹೂಂ ಅಪ್ಪ."

"ನೋಡೋಕೆ ಹೇಗಿದ್ದಾನೆ?"

"ಚೆನ್ನಾಗಿದ್ದಾನೆ."

"ಇದ್ರೂ ಇಲ್ದಿದ್ರೂ ನನಗೇನು ಕಾಣುತ್ತೆ. ಬಾಯಿ ಬಿಟ್ರೆ ಮಾತ್ರ ತೊರ್ರೆಮೂಲದ ರಾಗ ಕಿವಿಗೆ ಬೀಳುತ್ತೆ. ಮನೇಲಿ ಜಾಸ್ತಿ ಮಾತಾಡ್ಬಾರ್ದು ಅಂತ ಹೇಳು, ನಮ್ಮೂರೋನೇ ಅನ್ಕೋತೀನಿ."

ಮಾತು ಕಡಿಮೆಯ ಅಳಿಯ ಸಿಕ್ಕಿದ್ದು ಹೀಗೆ ಅನುಕೂಲವಾಯಿತು. ಮದುವೆ ಯಾವ ಊರಿನ ಚರ್ಚಿನಲ್ಲಿ ಎಂಬುದೇ ಕೊನೆಗೆ ಉಳಿದ ಜಗಳ. ಇಬ್ಬರು ಪಾದ್ರಿಗಳೂ ಪಟ್ಟು ಬಿಡಲಿಲ್ಲ. ಕಡೆಗೆ ದಾರಿ ಕೂಡುವಲ್ಲಿನ ಆ ದೇವಾಲಯದಲ್ಲೇ ಮಾಡಿದರು. ಒಳಗೆ ಹುಡುಗ, ಹುಡುಗಿ, ಇಬ್ಬರು ಪಾದ್ರಿಗಳು ನಿಂತರೆ ಒರೆಸ್ತೆಗೆ ಕುರ್ಚಿ ಹಾಕಲೂ ಜಾಗವಿರಲಿಲ್ಲ. ನಮ್ಮೂರಿನವರು ನಮ್ಮ ರಸ್ತೆಯ ಮೇಲೆ, ಅವರೂರಿನವರು ಅವರ ರಸ್ತೆಯ ಮೇಲೆ ನಿಂತು ಅಕ್ಕಿ ಎರಚಿದರು. ಯಾರ ಅಕ್ಕಿ ಹೆಚ್ಚು ಬಿತ್ತು ಎಂಬ ವಾದ ಒಂದು ವಾರ ನಡೆಯಿತು.

ಕೆಲವು ವರ್ಷಕ್ಕೆ ಜಿಲ್ಲಾ ಕೇಂದ್ರದ ಒಂದು ಕಂಪನಿ ಎರಡೂ ಊರಿನ ಬಸ್ಸುಗಳನ್ನು ಕೊಂಡು, ಎರಡಕ್ಕೂ ಸೇರಿ ಒಂದೇ ಹೊಸ ಬಸ್ಸು, ಒಂದೇ ಡ್ರೈವರ್ ಎಂದು ಮಾಡಿತು. ನಜ್ಜರೇನೊನ ಹೆಸರು ಬರೆದುಕೊಳ್ಳಲು ಬಂದ ಗುಮಾಸ್ತನಿಗೆ ಅವನು, "ಅವಳ ಹೆಸರು ಬರ್ಕೊಳ್ಳಿ, ನನಗಿಂತ ಚೆನ್ನಾಗಿ ಹಿಂದಕ್ಕೆ ತಗೋತಾಳೆ" ಅಂದ. ತಾನು ಮನೆಯ ಕೆಳಗಿನ ಕುದುರೆಲಾಯದಲ್ಲಿ ರಿಪೇರಿ ಅಂಗಡಿ ಹಾಕಿದ. ಕ್ವಿರೀನೊ ಬಿಡುತ್ತಾನೆಯೇ? ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದ ನಜ್ಜರೇನೊನನ್ನು ಎಲ್ಲರ ಮುಂದೆ ಕೇಳಿದ.

"ಏನಪ್ಪಾ, ಹೆಂಡ್ತಿ ಬಸ್ಸು ಓಡಿಸ್ತಾಳೆ, ನೀನು ಕೂತ್ಕೋತೀಯಾ?"

"ಅವಳು ಬಸ್ಸು ಓಡಿಸ್ತಾಳೆ, ಅದು ಓಡೋ ಹಾಗೆ ನಾನು ನೋಡ್ಕೋತೀನಿ. ನಿಮ್ಮನೇಲಿ ಹೆಂಡ್ತಿ ನಿನ್ನೇ ಓಡಿಸ್ತಾಳೆ. ರಿಪೇರಿಗೂ ಯಾರೂ ಇಲ್ಲ."

ಆಮೇಲೆ ಕ್ಷೌರದ ಅಂಗಡಿಯಲ್ಲಿ ಆ ಪ್ರಶ್ನೆ ಏಳಲಿಲ್ಲ. ಅವರಿಗೆ ಒಬ್ಬಳು ಮಗಳಾದಳು, ಇವಾನ. ಈಗ ಕೆಳಗಿನ ಪಟ್ಟಣದಲ್ಲಿ ನರ್ಸು.

ಊರು ಖಾಲಿಯಾದದ್ದು ಆ ವರ್ಷಗಳಲ್ಲೇ. ಪಾಲಿಗೆ ಉಳುವ ಹೊಲದ ಬೆಳೆಯಲ್ಲಿ ಅರ್ಧ ಯಜಮಾನನಿಗೆ ಕೊಟ್ಟು ಬದುಕುವುದು ಯಾರಿಗೂ ಬೇಡವಾಗಿತ್ತು. ಗಣಿಗೆ, ಸ್ವಿಟ್ಜರ್ಲೆಂಡಿಗೆ, ಆಮೇಲೆ ಉತ್ತರದ ತೊರೀನೊ ನಗರದ ಕಾರ್ಖಾನೆಗಳಿಗೆ ಹುಡುಗರು ರಟ್ಟಿನ ಪೆಟ್ಟಿಗೆಗೆ ಹಗ್ಗ ಕಟ್ಟಿಕೊಂಡು ಹೊರಡುತ್ತಿದ್ದರು. ಎಲ್ಲರನ್ನೂ ಇಳಿಸಿ ಬಂದವಳು ಸೆತ್ತೀಮಿಯಾ. ರೈಲು ಕಣ್ಮರೆಯಾಗುವ ತನಕ ಅವಳು ಗಾಡಿ ಹೊರಡಿಸುತ್ತಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಇರುತ್ತಿದ್ದವರು ತಾಯಂದಿರು ಮಾತ್ರ. ನನ್ನ ಅಣ್ಣ ಹೋದ ದಿನ ಅಮ್ಮನ ಜೊತೆ ನಾನೂ ಇದ್ದೆ. ಅಮ್ಮ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಸೆತ್ತೀಮಿಯಾ ಕನ್ನಡಿಯಲ್ಲಿ ನೋಡುತ್ತ ಕೇಳಿದಳು.

"ಇವತ್ತು ಮನೇಲಿ ಏನಡುಗೆ?"

ಅಮ್ಮನಿಗೆ ಸಿಟ್ಟು ಬಂತು. "ಮಗ ಹೋದ. ನಿನಗೆ ಅಡುಗೆ ಚಿಂತೆ."

"ಅದಕ್ಕೇ ಕೇಳಿದೆ. ಇವಳಿಗಾದ್ರೂ ಊಟಕ್ಕೆ ಹಾಕ್ಬೇಕಲ್ಲ. ಏನಿದೆ?"

"ಹುರುಳಿಕಾಯಿ ಬೀಜ ನೆನೆಸಿದೀನಿ."

"ಹಂದಿ ಚರ್ಮ ಹಾಕ್ತೀಯಾ?"

"ಹಾಕ್ದೆ ಇನ್ನೇನು. ನೀನು ಹಾಕಲ್ವಾ?"

"ನಾನು ಸೇಜ್ ಸೊಪ್ಪು ಒಂದೇ. ಚರ್ಮ ಹಾಕಿದ್ರೆ ಜಿಡ್ಡಾಗುತ್ತೆ."

"ಜಿಡ್ಡಾಗೋದು ನಿನಗೆ ಬೇಯಿಸೋಕೆ ಬರಲ್ಲ ಅಂತ."

ಊರ ಬಾಗಿಲಿಗೆ ಬರುವ ಹೊತ್ತಿಗೆ ಹಿಂದಿನ ಸೀಟಿನವರೂ ಸೇರಿ ಬೀಜ ಬೇಯಿಸುವುದರ ಮೇಲೆ ದೊಡ್ಡ ವಾದವೇ ನಡೆಯುತ್ತಿತ್ತು. ಅಮ್ಮ ಮುಖ ಒರೆಸಿಕೊಂಡು ಇಳಿದಳು. ಮನೆಗೆ ಹೋಗಿ ಒಲೆ ಹಚ್ಚಿದಳು. ಸಂಜೆ ಒಂದು ಬಟ್ಟಲು ಎದುರು ಕಿಟಕಿಗೆ ಕೊಟ್ಟು, "ತಿಂದು ನೋಡಿ ಮಾತಾಡು" ಅಂದಳು. ಎಷ್ಟೋ ತಾಯಂದಿರಿಗೆ ಸೆತ್ತೀಮಿಯಾ ಇದೇ ಪ್ರಶ್ನೆ ಕೇಳಿದ್ದಾಳೆ. ಅದೊಂದು ಉಪಾಯ ಎಂದು ಅವಳು ಎಂದೂ ಒಪ್ಪಿಕೊಂಡಿಲ್ಲ. "ನನಗೆ ನಿಜವಾಗ್ಲೂ ಹಸಿವಾಗ್ತಿತ್ತು" ಅನ್ನುತ್ತಾಳೆ.

ಜನ ಕಡಿಮೆಯಾದಂತೆ ಶಾಲೆ ಮುಚ್ಚಿತು, ಕ್ವಿರೀನೊನ ಅಂಗಡಿಯೂ ಮುಚ್ಚಿತು. ಒಂದು ವಸಂತದಲ್ಲಿ ಕಂಪನಿಯವರು, ಬಸ್ಸು ಹತ್ತುವವರೇ ಇಲ್ಲ, ಒಬ್ಬ ಅಧಿಕಾರಿಯನ್ನು ಕಳಿಸಿ ನೋಡಿ ನಿಲ್ಲಿಸುತ್ತೇವೆ ಅಂದರು. ಸೆತ್ತೀಮಿಯಾಗೆ ಆಗ ಕೂದಲು ನರೆತಿತ್ತು, ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಸುಮ್ಮನಿದ್ದರೂ ಅವಳಿಗೇನೂ ನಷ್ಟವಿರಲಿಲ್ಲ. ಆದರೆ ಅವಳು ಆ ಭಾನುವಾರ ಎರಡೂ ಊರಿನ ಚರ್ಚುಗಳ ಮುಂದೆ ಹೋಗಿ ನಿಂತಳು. ತೊರ್ರೆಮೂಲದಲ್ಲಿ ಅವಳ ಜೊತೆ ನಜ್ಜರೇನೊನೂ ಇದ್ದ, ಆದರೆ ಮಾತಾಡಿದವಳು ಇವಳೇ.

"ಬುಧವಾರ ಕಂಪನಿಯೋರು ನೋಡೋಕೆ ಬರ್ತಾರೆ. ಅವತ್ತು ಎಲ್ರೂ ಎಲ್ಲಿಗಾದ್ರೂ ಹೋಗ್ಬೇಕು. ಎಲ್ಲಿಗೆ ಅಂತ ನಾನು ಕೇಳಲ್ಲ."

"ಪೊಜ್ಜಾಲ್ತೊದೋರು ಬರ್ತಾರಾ?" ಎಂದು ತೊರ್ರೆಮೂಲದವರು ಕೇಳಿದರು.

"ನೀವು ಬರಲ್ಲ ಅಂತ ಗೊತ್ತಾಗಿ ಅವರು ಖುಷಿಯಾಗಿದ್ದಾರೆ. ಬಸ್ಸು ಅವರದ್ದೇ ಅಂತಾಗುತ್ತಲ್ಲ."

ಬುಧವಾರ ಬೆಳಿಗ್ಗೆಯಿಂದಲೇ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಪನಿಯ ಅಧಿಕಾರಿ, ತೆಳ್ಳಗಿನ ಸಾಧು ಮನುಷ್ಯ, ಮುಂದಿನ ಸೀಟಿನಲ್ಲಿ ಕೂತು ತಲೆ ಎಣಿಸಿಕೊಳ್ಳುತ್ತಿದ್ದ. ನಮ್ಮವರು ಸ್ಟೇಷನ್ನಿಗೆ ಹೋದರು, ಪ್ಲಾಟ್‌ಫಾರ್ಮಿನಲ್ಲಿ ಒಂದು ಸುತ್ತು ಹಾಕಿ ಕಾಫಿ ಕುಡಿದರು, ಅದೇ ಬಸ್ಸು ಹತ್ತಿ ಮೇಲೆ ಬಂದರು, ಟೋಪಿಯನ್ನೋ ಶಾಲನ್ನೋ ಬದಲಿಸಿ ಮತ್ತೆ ಕೆಳಗೆ ಹೋದರು. ಜೆಲ್ತ್ರೂದೆ ಆಗ ತೊಂಬತ್ತರ ಹತ್ತಿರದ ಹಣ್ಣು ಮುದುಕಿ. ಕೋಳಿಯೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು, ಇಳಿಯುವುದೇ ಬೇಡವೆಂದು ಹಿಂದೆ ಕೂತುಬಿಟ್ಟಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ಅಧಿಕಾರಿ ಸೆತ್ತೀಮಿಯಾಳ ಕಡೆ ಬಗ್ಗಿದ.

"ಅಮ್ಮಾ, ಆ ಕೋಳಿ ಬೆಳಿಗ್ಗೆಯಿಂದ ಎಲ್ಲಿಗೆ ಹೋಗ್ತಿದೆ?"

"ಅದಕ್ಕೆ ಮಗಳ ಮನೆ ಕೆಳಗಡೆ, ಮಗನ ಮನೆ ಮೇಲ್ಗಡೆ ಸಾರ್."

ಹಿಂದಿನಿಂದ ಜೆಲ್ತ್ರೂದೆ ಕೂಗಿದಳು. "ಕೋಳಿಗೂ ಟಿಕೆಟ್ ತಗೊಂಡಿದೀನಿ, ಬೇಕಾದ್ರೆ ನೋಡ್ಕೊಳ್ಳಿ."

ಆ ಮನುಷ್ಯ ಕಿಟಕಿಯ ಕಡೆ ಮುಖ ತಿರುಗಿಸಿದ. ಭುಜ ಅಲುಗುತ್ತಿತ್ತು. ಆಮೇಲೆ, ತನ್ನ ತಾಯಿಯೂ ಇಂಥದ್ದೇ ಒಂದು ಗುಡ್ಡದ ಊರಿನಲ್ಲಿ ಒಬ್ಬಳೇ ಇದ್ದಾಳೆ, ಅಲ್ಲಿ ಬಸ್ಸು ನಿಂತು ಎರಡು ವರ್ಷವಾಯಿತು ಅಂದ. ಸೆತ್ತೀಮಿಯಾ ಆ ದಿನ ಅವನನ್ನು ಊಟ ಮಾಡಿಸದೆ ಕಳಿಸಲಿಲ್ಲ. ಅವನು ಮೇಲಿನವರಿಗೆ ಏನು ಹೇಳಿದನೋ, ಬಸ್ಸು ನಿಲ್ಲಲಿಲ್ಲ. ದಿನಕ್ಕೆ ಓಡುವುದು ಕಡಿಮೆಯಾಯಿತು, ಗಾತ್ರ ಸಣ್ಣದಾಯಿತು, ಅಷ್ಟೇ. ಈಗಲೂ ಓಡುತ್ತಿದೆ. ಮೊಲ್ದೋವಾದಿಂದ ಬಂದ ಹುಡುಗಿಯೊಬ್ಬಳು ಅದರ ಡ್ರೈವರ್. ನಮ್ಮೂರಿನವರು ಈಗ 'ವೆರೋನಿಕ ಬಂದಳು' ಅನ್ನುತ್ತಾರೆ.

ಸೆತ್ತೀಮಿಯಾಗೆ ಈಗ ಎಂಬತ್ತು ದಾಟಿದೆ, ನಜ್ಜರೇನೊಗೂ ಅಷ್ಟೇ. ಅವನಿಗೆ ಕಿವಿ ಮಂದವಾಗಿದೆ. ಮೊದಲೇ ಮಾತು ಕಡಿಮೆಯವನು, ಈಗ ಕೇಳಿಸಿಕೊಳ್ಳುವುದೂ ತಪ್ಪಿತು ಎಂದು ಅವನಿಗೆ ಆರಾಮ. ಅವಳು ಮೂರು ಚಕ್ರದ ಸಣ್ಣ ಗೂಡ್ಸ್ ಗಾಡಿಯೊಂದನ್ನು ಇಟ್ಟುಕೊಂಡಿದ್ದಾಳೆ. ಮುಂದೆ ಒಬ್ಬರಿಗಷ್ಟೇ ಜಾಗ. ಗುಡ್ಡದ ಬದಿಯಲ್ಲಿರುವ ತೋಟಕ್ಕೆ ಹೋಗುವಾಗ ನಜ್ಜರೇನೊ ಹಿಂದಿನ ಪೆಟ್ಟಿಗೆಯಲ್ಲಿ ಕುರ್ಚಿ ಹಾಕಿಕೊಂಡು, ಹಿಂದಕ್ಕೆ ಮುಖ ಮಾಡಿ ಕೂರುತ್ತಾನೆ. ಎದುರು ಸಿಕ್ಕವರನ್ನು ದಾಟಿದ ಮೇಲೆ ಅವರಿಗೆ ಕೈ ಎತ್ತುತ್ತಾನೆ. ಮಗಳು ಇವಾನ ಫೋನಿನಲ್ಲಿ ಬೈಯುತ್ತಾಳೆ, ಅಪ್ಪನನ್ನು ಕುಂಬಳಕಾಯಿ ಹಾಗೆ ಹೇರಿಕೊಂಡು ಹೋಗಬೇಡ ಎಂದು. ಸೆತ್ತೀಮಿಯಾ, "ಕುಂಬಳಕಾಯಿ ಇಷ್ಟು ಸುಖವಾಗಿ ಕೂರಲ್ಲ ಕಣೇ" ಅನ್ನುತ್ತಾಳೆ.

ಕಳೆದ ವಾರ ಟೊಮೇಟೊ ಕೊಯ್ದು ತಂದರು. ಆಗಸ್ಟ್ ಬಂದರೆ ಓಣಿಯ ತುಂಬ ಅದೇ ಕೆಲಸ, ಚಳಿಗಾಲಕ್ಕೆಲ್ಲ ಆಗುವಷ್ಟು ಸಾಸ್ ಕಾಯಿಸಿ ಸೀಸೆಗೆ ತುಂಬಬೇಕು. ನಮ್ಮ ಎರಡು ಬಾಗಿಲ ನಡುವೆ ದೊಡ್ಡ ಹಂಡೆ ಇಟ್ಟೆವು. ಹೋದ ವರ್ಷ ಮೂಲೆಮನೆ ಕೊಂಡ ಡೆನ್ಮಾರ್ಕಿನ ಗಂಡ ಹೆಂಡತಿಯೂ ಚಾಕು ಹಿಡಿದು ಬಂದು ಕೂತರು. ನಜ್ಜರೇನೊ ಸೀಸೆಗಳನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡಿ ಸಾಲಾಗಿ ಇಡುತ್ತಿದ್ದ. ಸೆತ್ತೀಮಿಯಾ ಅಂಗಿಯ ತೋಳನ್ನು ಮೇಲಕ್ಕೆ ಮಡಚಿ ಉದ್ದನೆಯ ಸೌಟಿನಿಂದ ತಿರುವುತ್ತ, ಆ ಹೆಂಗಸಿಗೆ ತುಳಸಿಯಂಥ ಬೇಸಿಲ್ ಸೊಪ್ಪನ್ನು ಯಾವಾಗ ಹಾಕಬೇಕೆಂದು ಕೈಸನ್ನೆಯಲ್ಲೇ ಹೇಳುತ್ತಿದ್ದಳು.

"ಉಪ್ಪು ಸಾಕಾ ನೋಡು" ಎಂದು ಸೌಟನ್ನು ನನ್ನ ಕಡೆ ಚಾಚಿದಳು.

"ಇನ್ನೊಂದು ಚೂರು ಬೇಕು ಅತ್ತೆ."

"ನಿಮ್ಮಮ್ಮನೂ ಹಾಗೇ ಅಂತಿದ್ಲು" ಅಂದು, ಹಾಕಲಿಲ್ಲ. ಹಂಡೆ ಕುದಿಯತೊಡಗಿತು. ಓಣಿಯ ಮೇಲಿಂದ ಗಾಳಿ ಬೀಸಿ, ಟೊಮೇಟೊದ ವಾಸನೆ ಎಲ್ಲರ ಮನೆಯೊಳಕ್ಕೂ ನುಗ್ಗಿತು.